ಅಳಲೆಕಾಯಿ ಯಾರಿಗೆ ‘ಕಿರು’ ಉತ್ಪನ್ನ?

ಪುಣೆ ಜಿಲ್ಲೆಯ ಖೇಡ್ ತಾಲೂಕಿನ ಒಂದು ತುದಿಯಲ್ಲಿ ಚಾಕಣ್ ಇದೆ, ಇನ್ನೊಂದು ತುದಿಯಲ್ಲಿ ಭೀಮಾಶಂಕರದ ಕಾಡು. ಚಾಕಣ್‌ನಲ್ಲಿ ದೇಶ ವಿದೇಶದ ಕಂಪನಿಗಳು ಕಾರು, ಬೈಕು ತಯಾರಿಸುತ್ತವೆ. ಭೀಮಾಶಂಕರದಲ್ಲಿ ಭೀಮಾ ನದಿ ಹುಟ್ಟುತ್ತದೆ. ಅಲ್ಲಿಂದ ಹರಿದು ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ದಾಟಿ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವ ಈ ನದಿಯ ತಲೆಯಲ್ಲಿ ಯಾರು ವಾಸವಿದ್ದಾರೆ ಎಂದು ಕೇಳಿದರೆ ಹೆಚ್ಚಿನವರಿಗೆ ಉತ್ತರ ತಿಳಿದಿರುವುದಿಲ್ಲ. ಖೇಡ್, ಅಂಬೇಗಾಂವ್, ಜುನ್ನರ್ ಈ ಮೂರು ತಾಲೂಕುಗಳ ಪಶ್ಚಿಮದ ಬೆಟ್ಟಸಾಲಿನಲ್ಲಿರುವವರು ಮುಖ್ಯವಾಗಿ ಮಹಾದೇವ ಕೋಳಿ ಆದಿವಾಸಿಗಳು. ಆ ಕಡೆಯ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು 2014ರ ಜುಲೈ 30ರಂದು, ಅಂಬೇಗಾಂವ್ ತಾಲೂಕಿನ ಮಾಳಿಣ್ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು 150ಕ್ಕೂ ಹೆಚ್ಚು ಜನ ಸತ್ತಾಗ. ಆಮೇಲೆ ಮತ್ತೆ ಮರೆವು.

ಈ ಬೆಟ್ಟಗಳ ಬದುಕನ್ನು ಅರ್ಥ ಮಾಡಿಕೊಳ್ಳಲು ಒಂದು ಕಾಯಿಯಿಂದ ಶುರು ಮಾಡಬಹುದು. ಮರಾಠಿಯಲ್ಲಿ ಅದು ಹಿರಡಾ. ಕನ್ನಡದಲ್ಲಿ ಅಳಲೆಕಾಯಿ, ಕೆಲವು ಕಡೆ ಅಣಲೆ. ನೆಲ್ಲಿ, ತಾರೆಕಾಯಿಗಳ ಜೊತೆ ಸೇರಿ ತ್ರಿಫಲಾ ಆಗುವ ಮೂರರಲ್ಲಿ ಒಂದು. ಅಜ್ಜಿಯರ ಡಬ್ಬಿಯಲ್ಲಿ, ಮಗುವಿಗೆ ತೇಯುವ ಸಾಣೆಕಲ್ಲಿನ ಪಕ್ಕದಲ್ಲಿ ಇರುತ್ತಿದ್ದದ್ದು ಇದೇ ಕಾಯಿ. ಚರ್ಮ ಹದ ಮಾಡುವುದಕ್ಕೂ ಬಟ್ಟೆಗೆ ಬಣ್ಣ ಹಿಡಿಸುವುದಕ್ಕೂ ಬರುತ್ತದೆ. ಬ್ರಿಟಿಷರ ಕಾಲದಲ್ಲಿ ‘ಮೈರೋಬಲನ್’ ಎಂಬ ಹೆಸರು ಹೊತ್ತು ಮುಂಬಯಿ ಬಂದರಿನಿಂದ ಹಡಗೇರುತ್ತಿತ್ತು.

ಜುನ್ನರ್, ಅಂಬೇಗಾಂವ್ ಕಡೆ ಹೆಚ್ಚು ಬೆಲೆ ಬರುವುದು ಬಲಿತ ಕಾಯಿಗಲ್ಲ, ‘ಬಾಳ ಹಿರಡಾ’ ಎನ್ನುವ ಎಳೆ ಕಾಯಿಗೆ. ಅದರೊಳಗೆ ಬೀಜ ಗಟ್ಟಿಯಾಗುವ ಮೊದಲೇ ಉದುರಿಸಿ, ಬಿಸಿಲಿನಲ್ಲಿ ಒಣಗಿಸಿದರೆ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಗಂಡಸರು ಮರ ಹತ್ತಿ ಕೊಂಬೆ ಅಲುಗಿಸುತ್ತಾರೆ ಅಥವಾ ಕೋಲಿನಿಂದ ಬಡಿಯುತ್ತಾರೆ, ಹೆಂಗಸರು ಮಕ್ಕಳು ಕೆಳಗೆ ಆಯುತ್ತಾರೆ. ಮನೆಯಂಗಳದಲ್ಲೋ ಬಂಡೆಯ ಮೇಲೋ ಹರವಿ ಒಣಗಿಸುತ್ತಾರೆ. ಮರದಿಂದ ಬಿದ್ದು ಕೈಕಾಲು ಮುರಿದುಕೊಳ್ಳುವ ಅಪಾಯ ಈ ಕೆಲಸದ ಜೊತೆಗೇ ಬಂದದ್ದು. ಇದೆಲ್ಲ ನಡೆಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಈ ತಿಂಗಳುಗಳೇ ಇಡೀ ಕಥೆಯ ಮುಖ್ಯ ಭಾಗ.

ಬೆಟ್ಟದ ಹೊಲದ ಕ್ಯಾಲೆಂಡರ್ ಹೀಗಿರುತ್ತದೆ. ಇಳಿಜಾರಿನಲ್ಲಿ ಕಟ್ಟಿದ ಸಣ್ಣ ಮಡಿಗಳಲ್ಲಿ ಭತ್ತ, ಅದಕ್ಕೂ ಮೇಲೆ ರಾಗಿ ಮತ್ತು ವರಿ. ಎಲ್ಲವೂ ಮಳೆ ನಂಬಿದ ಒಂದೇ ಬೆಳೆ. ಜೂನ್‌ನಲ್ಲಿ ಸಸಿಮಡಿ, ಜುಲೈನಲ್ಲಿ ನಾಟಿ, ದೀಪಾವಳಿಯ ಆಚೀಚೆ ಕೊಯ್ಲು. ಸಣ್ಣ ಹಿಡುವಳಿಯ ಮನೆಯಲ್ಲಿ ಆ ಧಾನ್ಯ ಬೇಸಿಗೆಯ ಹೊತ್ತಿಗೆ ತಳ ಕಾಣುತ್ತದೆ. ಚಳಿಗಾಲದಲ್ಲಿ ಹಲವರು ಕೆಳಗಿನ ನಾರಾಯಣಗಾಂವ್, ಮಂಚರ್ ಕಡೆಯ ನೀರಾವರಿ ತೋಟಗಳಿಗೆ ಕೂಲಿಗೆ ಇಳಿಯುತ್ತಾರೆ. ಮಳೆ ಹಿಡಿಯುವ ಮೊದಲು ಹಿಂತಿರುಗಲೇಬೇಕು, ಹೊಲ ಕಾಯುತ್ತಿರುತ್ತದೆ. ಆಗ ಬಿತ್ತನೆ ಬೀಜ ಬೇಕು, ಗೊಬ್ಬರ ಬೇಕು. ಮಾಡಿನ ಹಂಚು ಸರಿಪಡಿಸಬೇಕು, ನಾಲ್ಕು ತಿಂಗಳಿಗೆ ಎಣ್ಣೆ, ಬೇಳೆ, ಉಪ್ಪು, ಮೆಣಸಿನಕಾಯಿ ತುಂಬಿಡಬೇಕು. ಸಹ್ಯಾದ್ರಿಯ ಜಡಿಮಳೆಯಲ್ಲಿ ಕೂಲಿಯೂ ಇಲ್ಲ, ಸಂತೆಗೆ ಹೋಗುವ ದಾರಿಯೂ ಸರಿಯಿರುವುದಿಲ್ಲ.

ವರ್ಷದ ಅತಿ ದೊಡ್ಡ ಖರ್ಚು ಬರುವುದೂ ಮನೆಯ ಕಣಜ ಖಾಲಿಯಾಗುವುದೂ ಒಂದೇ ಹೊತ್ತಿಗೆ. ಆ ಹೊತ್ತಿಗೆ ಸರಿಯಾಗಿ ಮರದಲ್ಲಿ ಅಳಲೆಕಾಯಿ ಇರುತ್ತದೆ. ಅದನ್ನು ಮಾರಿದ ಹಣವೇ ಮಳೆಗಾಲದ ಊಟಕ್ಕೂ ಮುಂದಿನ ಬೆಳೆಗೂ ಬಂಡವಾಳ. ಅಳಲೆಕಾಯಿಯನ್ನು ಯಾರೂ ಹೊಟ್ಟೆ ತುಂಬಲು ತಿನ್ನುವುದಿಲ್ಲ. ಆದರೂ ಅದು ಆಹಾರ ಭದ್ರತೆಯ ಭಾಗ, ಏಕೆಂದರೆ ಹಸಿವಿಗೂ ಒಂದು ತಿಂಗಳಿದೆ, ಈ ಕಾಯಿ ಅದರ ಹಿಂದಿನ ತಿಂಗಳಲ್ಲಿ ಬರುತ್ತದೆ.

ಮಳೆ ಶುರುವಾದ ಮೇಲೆ ಕಾಡು ಇನ್ನೊಂದು ರೀತಿಯಲ್ಲಿ ಮನೆ ನಡೆಸುತ್ತದೆ. ಮರಾಠಿಯಲ್ಲಿ ಇವುಗಳಿಗೆ ‘ರಾನಭಾಜಿ’ ಎಂಬ ಒಂದೇ ಹೆಸರಿದ್ದರೂ ಅದರೊಳಗೆ ದೊಡ್ಡ ಪಟ್ಟಿಯಿದೆ. ಮೊದಲ ಮಳೆಗೆ ಏಳುವ ಟಾಕಳಾ ಎಂದರೆ ಕರಾವಳಿಯ ಕನ್ನಡಿಗರ ತಗಚೆ ಸೊಪ್ಪು. ಕುರ್ಡೂ ಎಂದರೆ ಬಯಲುಸೀಮೆಯ ಅಣ್ಣೆ ಸೊಪ್ಪು. ಕರಟೋಲಿ ಮಲೆನಾಡಿನ ಮಾಡಹಾಗಲ. ಬಿದಿರಿನ ಎಳೆ ಮೊಳಕೆ ನಮ್ಮ ಕಳಲೆ. ಶೆವಳಾ ಎಂಬುದು ಕಾಡುಸುವರ್ಣಗೆಡ್ಡೆಯ ಜಾತಿಯದು. ಅದನ್ನು ಹುಳಿ ಸೇರಿಸಿ ಬೇಯಿಸದಿದ್ದರೆ ಬಾಯಿ ತುರಿಸುತ್ತದೆ ಎಂಬುದು ಅಡುಗೆ ಮಾಡುವವರಿಗೆ ಮಾತ್ರ ಗೊತ್ತಿರುವ ವಿದ್ಯೆ. ಬೇಸಿಗೆಯ ಕೊನೆಯಲ್ಲಿ ಕರವಂದ, ಅಂದರೆ ಕವಳಿ ಹಣ್ಣು, ಮತ್ತು ನೇರಳೆ. ಸಸಿಮಡಿ ಇನ್ನೂ ಗೇಣುದ್ದ ಇರುವಾಗ, ತೋಟದ ತರಕಾರಿ ಕೊಳ್ಳುವ ಶಕ್ತಿ ಇಲ್ಲದಿರುವಾಗ, ತಟ್ಟೆಯಲ್ಲಿ ಅನ್ನದ ಪಕ್ಕ ಏನಾದರೂ ಹಸಿರು ಇರುವುದು ಇವುಗಳಿಂದ. ಈಗ ಆಗಸ್ಟ್ 9ರ ಆದಿವಾಸಿ ದಿನದ ಆಸುಪಾಸು ಮಹಾರಾಷ್ಟ್ರದ ಕೃಷಿ ಇಲಾಖೆ ರಾನಭಾಜಿ ಉತ್ಸವಗಳನ್ನು ನಡೆಸುತ್ತದೆ, ನಗರದವರು ಚೀಲ ಹಿಡಿದು ಹೋಗುತ್ತಾರೆ. ಒಳ್ಳೆಯದೇ. ಆದರೆ ನಗರಕ್ಕೆ ಅದು ವರ್ಷಕ್ಕೊಮ್ಮೆಯ ರುಚಿ, ಬೆಟ್ಟಕ್ಕೆ ಎರಡು ತಿಂಗಳ ಪಲ್ಯ.

ಇಷ್ಟೆಲ್ಲ ಹೊರುವ ವಸ್ತುಗಳಿಗೆ ಸರ್ಕಾರಿ ಭಾಷೆಯಲ್ಲಿ ಇರುವ ಹೆಸರು ‘ಕಿರು ಅರಣ್ಯ ಉತ್ಪನ್ನ’. ಮರಾಠಿಯಲ್ಲಿ ‘ಗೌಣ ವನೋಪಜ’. ಗೌಣ ಎಂದರೆ ಮುಖ್ಯವಲ್ಲದ್ದು. ಈ ವಿಂಗಡಣೆ ಮಾಡಿದ್ದು ಅಲ್ಲಿನ ಜನರಲ್ಲ. ಬ್ರಿಟಿಷ್ ಅರಣ್ಯ ಇಲಾಖೆಗೆ ಕಾಡು ಎಂದರೆ ರೈಲು ಹಳಿಗೆ ಬೇಕಾದ ಮರ, ಹಡಗಿಗೆ ಬೇಕಾದ ತೇಗ. ನಾಟಾ ಮುಖ್ಯ ಉತ್ಪನ್ನ, ಉಳಿದದ್ದೆಲ್ಲ ಕಿರಿದು. ಜೇನು, ಕಾಯಿ, ಎಲೆ, ಗೆಡ್ಡೆ, ಅಂಟು, ಬಿದಿರು ಎಲ್ಲ ಒಂದೇ ಕಾಲಂನಲ್ಲಿ. ಅದು ಇಲಾಖೆಯ ಆದಾಯದ ಲೆಕ್ಕ. ಮನೆಯ ಲೆಕ್ಕದಲ್ಲಿ ಸಾಲು ತಿರುಗುಮುರುಗಾಗುತ್ತದೆ. ಬೆಟ್ಟದ ಮನೆಗೆ ತೇಗದಿಂದ ಬಂದದ್ದು ಏನೂ ಇಲ್ಲ, ಅಳಲೆಯಿಂದ ಬಂದದ್ದು ಮಳೆಗಾಲದ ಊಟ. ಅರಣ್ಯವಾಸಿಗಳಲ್ಲಿ ಸುಮಾರು 10 ಕೋಟಿ ಜನ ಇಂಥ ಉತ್ಪನ್ನಗಳನ್ನು ಅವಲಂಬಿಸಿದ್ದಾರೆ, ಅವರ ವಾರ್ಷಿಕ ಆದಾಯದ ಶೇ 20ರಿಂದ 40ರಷ್ಟು ಇವುಗಳಿಂದ ಬರುತ್ತದೆ ಎಂದು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಹೇಳುತ್ತದೆ. ಹಾಗಿದ್ದೂ ಹೆಸರು ಬದಲಾಗಿಲ್ಲ.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಕಿರಿದು ಎಂದು ಕರೆದದ್ದಕ್ಕೆ ಕಿರಿದಾದ ಬೆಲೆ ಕಟ್ಟುವುದು ಸುಲಭ. ಉತ್ತರ ಕನ್ನಡದ ಬಿದಿರಿನ ಕಥೆ ಇದಕ್ಕೆ ಹಳೆಯ ಸಾಕ್ಷಿ. 1950ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಕಾಡಿನ ಬಿದಿರನ್ನು ಟನ್ನಿಗೆ 1 ರೂಪಾಯಿ 50 ಪೈಸೆಯಂತೆ ಕೊಡಲಾಯಿತು. ಅದೇ ಬಿದಿರಿನಿಂದ ಬುಟ್ಟಿ, ಮೊರ, ಚಾಪೆ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಕೆಲವೇ ವರ್ಷಗಳಲ್ಲಿ ಬಿದಿರು ತೀರಿತು. ಕಾರ್ಖಾನೆ ದೂರದ ರಾಜ್ಯಗಳಿಂದ ತರಿಸಿಕೊಂಡಿತು, ಬುಟ್ಟಿ ಹೆಣೆಯುವವರಿಗೆ ಆ ದಾರಿ ಇರಲಿಲ್ಲ.

ಕಾನೂನು ಆಮೇಲೆ ಬದಲಾಯಿತು ಎಂಬುದನ್ನೂ ಹೇಳಬೇಕು. ಅನುಸೂಚಿತ ಪ್ರದೇಶಗಳ ಪಂಚಾಯತಿಗಳಿಗಾಗಿ 1996ರಲ್ಲಿ ಬಂದ ‘ಪೆಸಾ’ ಕಾಯ್ದೆ ಈ ಉತ್ಪನ್ನಗಳ ಒಡೆತನವನ್ನು ಗ್ರಾಮಸಭೆಗೆ ಕೊಡಬೇಕೆಂದಿತು. ಜುನ್ನರ್, ಅಂಬೇಗಾಂವ್ ತಾಲೂಕುಗಳ ಹಲವು ಹಳ್ಳಿಗಳು ಅನುಸೂಚಿತ ಪ್ರದೇಶದಲ್ಲೇ ಇವೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಜೇನು, ಔಷಧಿ ಸಸ್ಯ, ಗೆಡ್ಡೆ ಎಲ್ಲವನ್ನೂ ಹೆಸರಿಸಿ, ಅವುಗಳನ್ನು ಸಂಗ್ರಹಿಸುವ, ಬಳಸುವ, ಮಾರುವ ಹಕ್ಕನ್ನು ಅರಣ್ಯವಾಸಿಗಳಿಗೆ ಕೊಟ್ಟಿತು. 2013–14ರಲ್ಲಿ ಕೇಂದ್ರ ಸರ್ಕಾರ ಈ ಉತ್ಪನ್ನಗಳಿಗೂ ಕನಿಷ್ಠ ಬೆಂಬಲ ಬೆಲೆ ಘೋಷಿಸಿತು, ಆ ಪಟ್ಟಿಯಲ್ಲಿ ಅಳಲೆಕಾಯಿಯೂ ಇದೆ. ಮಹಾರಾಷ್ಟ್ರದಲ್ಲಂತೂ ನಾಶಿಕದಲ್ಲಿ ಕಚೇರಿ ಇರುವ ಆದಿವಾಸಿ ವಿಕಾಸ ಮಹಾಮಂಡಳವಿದೆ. ಅಂಬೇಗಾಂವ್ ತಾಲೂಕಿನ ಘೋಡೆಗಾಂವ್‌ನಲ್ಲಿ ಆದಿವಾಸಿ ಅಭಿವೃದ್ಧಿ ಯೋಜನೆಯ ಕಚೇರಿಯಿದೆ. ಕಾಗದದ ಮೇಲೆ ಕೊರತೆಯಿಲ್ಲ.

ಕೊರತೆ ಇರುವುದು ದಿನಾಂಕದಲ್ಲಿ. ಒಣಗಿಸಿದ ಅಳಲೆಕಾಯಿ ಮಳೆಯ ತೇವ ತಗುಲಿದರೆ ಬೂಸ್ಟು ಹಿಡಿಯುತ್ತದೆ. ಬೆಟ್ಟದ ಮನೆಯಲ್ಲಿ ಅದನ್ನು ಆರು ತಿಂಗಳು ಜೋಪಾನ ಮಾಡುವ ಗೋದಾಮಿಲ್ಲ. ಹೀಗಾಗಿ ಮೇ ಕೊನೆಯೊಳಗೆ ಮಾರಲೇಬೇಕು. ಸರ್ಕಾರದ ಖರೀದಿ ಕೇಂದ್ರ ಆ ಹೊತ್ತಿಗೆ ತೆರೆದಿರದಿದ್ದರೆ, ತೆರೆದಿದ್ದರೂ ಹಣ ಮಳೆ ಬಂದ ಮೇಲೆ ಕೈಸೇರುವುದಾದರೆ, ಘೋಷಿತ ಬೆಲೆ ಎಷ್ಟಿದ್ದರೂ ಅಷ್ಟೇ. ಮನೆ ಬಾಗಿಲಿಗೆ ಬಂದು ನಗದು ಕೊಡುವ ವ್ಯಾಪಾರಿಯೇ ಬೆಲೆ ನಿರ್ಧರಿಸುತ್ತಾನೆ. ಅವನ ಬಳಿ ಹಿಂದಿನ ಸಾಲವೂ ಇದ್ದರೆ ಚೌಕಾಸಿಗೆ ಜಾಗವೇ ಇರುವುದಿಲ್ಲ. ಎಳೆ ಕಾಯಿಗೂ ಬಲಿತ ಕಾಯಿಗೂ ಪೇಟೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿದೆ. ಸರ್ಕಾರಿ ಪಟ್ಟಿ ಎರಡನ್ನೂ ‘ಹಿರಡಾ’ ಎಂಬ ಒಂದೇ ಪದದಲ್ಲಿ ಮುಗಿಸಿದಾಗ ಆ ಬೆಲೆಯಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ.

ಸಾಲದ ಮಾತು ಇಲ್ಲಿ ಹೊಸದಲ್ಲ. 1870ರ ದಶಕದಲ್ಲಿ ಇದೇ ಅಂಬೇಗಾಂವ್ ಸೀಮೆಯ ಹೋನ್ಯಾ ಕೇಂಗಲೆ ಸಾಹುಕಾರರ ವಿರುದ್ಧ ಬಂಡೆದ್ದು, 1876ರಲ್ಲಿ ಸೆರೆಯಾಗುವವರೆಗೆ ಈ ಬೆಟ್ಟಗಳಲ್ಲಿ ಬ್ರಿಟಿಷ್ ಪೊಲೀಸರನ್ನು ಓಡಾಡಿಸಿದ. ಅದೇ ಕಾಲದಲ್ಲಿ, 1875ರಲ್ಲಿ, ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಸ್ವತಂತ್ರ ಭಾರತದ ಮಹಾರಾಷ್ಟ್ರ ಸರ್ಕಾರ ಈ ರೋಗವನ್ನು ಗುರುತಿಸಿಯೇ ಆದಿವಾಸಿಗಳಿಗೆ ಮಳೆಗಾಲದ ‘ಖಾವಟಿ’ ಸಾಲ ತಂದಿತು. ಖಾವಟಿ ಎಂದರೆ ಉಣ್ಣುವುದಕ್ಕಾಗಿ ಕೊಡುವ ಸಾಲ. ಕೋವಿಡ್ ವರ್ಷದಲ್ಲಿ ಅದನ್ನು ಅನುದಾನವಾಗಿಸಿ ಕುಟುಂಬಕ್ಕೆ 4,000 ರೂಪಾಯಿ, ಅರ್ಧ ನಗದು, ಅರ್ಧ ದಿನಸಿ ಎಂದು ಘೋಷಿಸಲಾಯಿತು. ಬಡವರ ಹಸಿವಿಗೆ ನಿರ್ದಿಷ್ಟ ತಿಂಗಳುಗಳಿವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಸರ್ಕಾರಿ ಪದ ಇನ್ನೊಂದಿಲ್ಲ. ಒಂದು ಇಲಾಖೆ ಹಸಿವಿನ ತಿಂಗಳಿಗೆ ಸಾಲ ಕೊಡುತ್ತದೆ, ಆ ಸಾಲವೇ ಬೇಡವಾಗಿಸಬಹುದಾದ ಫಸಲನ್ನು ಇನ್ನೊಂದು ಕಡತ ‘ಗೌಣ’ ಎನ್ನುತ್ತದೆ. ಎರಡು ಕಡತಗಳೂ ಒಂದೇ ಮೇಜಿನ ಮೇಲೆ ಬಂದಂತಿಲ್ಲ.

2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡದ ಕರಾವಳಿಗೆ ಅಪ್ಪಳಿಸಿ ಘಟ್ಟ ಹತ್ತಿ ಪುಣೆ ಜಿಲ್ಲೆಯ ಮೇಲೆ ಹಾದುಹೋಯಿತು. ಜುನ್ನರ್, ಅಂಬೇಗಾಂವ್ ಬೆಟ್ಟಗಳಲ್ಲಿ ಅಳಲೆ ಮರಗಳು ಉರುಳಿದವು, ಕೊಂಬೆಗಳು ಮುರಿದವು. ಅಳಲೆ ಮರ ದೊಡ್ಡದಾಗಿ ಕಾಯಿ ಕೊಡಲು ವರ್ಷಗಳು ಬೇಕು. ಆದ್ದರಿಂದ ಅದು ಒಂದು ವರ್ಷದ ನಷ್ಟವೂ ಅಲ್ಲ. ಭತ್ತ ಹಾಳಾದರೆ ಪಂಚನಾಮೆ ಇದೆ, ಮಾವು, ಗೋಡಂಬಿ ಹಾಳಾದರೆ ತೋಟದ ಲೆಕ್ಕವಿದೆ. ಅಳಲೆಯನ್ನು ಯಾರೂ ನೆಟ್ಟಿಲ್ಲ, ಆದ್ದರಿಂದ ಅದು ಬೆಳೆಯಲ್ಲ. ಎಷ್ಟೋ ಮರಗಳು ಆದಿವಾಸಿಗಳ ಸ್ವಂತ ಹಿಡುವಳಿಯಲ್ಲೇ ಇದ್ದರೂ, ತಲೆಮಾರುಗಳಿಂದ ಯಾವ ಮರ ಯಾವ ಮನೆಯದು ಎಂದು ಊರಿಗೆಲ್ಲ ಗೊತ್ತಿದ್ದರೂ, ಅಳಲೆಗಾದ ನಷ್ಟಕ್ಕೆ ಪರಿಹಾರ ಪಡೆಯಲು ಜನ ವರ್ಷಗಳ ಕಾಲ ಮೋರ್ಚಾ, ಧರಣಿ ನಡೆಸಬೇಕಾಯಿತು. ಕಿರು ಎಂಬ ವಿಶೇಷಣದ ನಿಜವಾದ ಬೆಲೆ ಇದು. ಬಿರುಗಾಳಿ ಎರಡು ಮರಗಳನ್ನು ಒಟ್ಟಿಗೆ ಉರುಳಿಸಿದರೂ ಒಂದು ನಷ್ಟ ಎನಿಸಿಕೊಳ್ಳುತ್ತದೆ, ಇನ್ನೊಂದು ಆಗುವುದಿಲ್ಲ.

ಇದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೂರಕ್ಕೂ ಉತ್ತರ ಕೊಡಬೇಕು.

ಮೊದಲನೆಯದು, ರೇಷನ್ ಇದೆಯಲ್ಲ ಎಂಬುದು. 2013ರ ಆಹಾರ ಭದ್ರತಾ ಕಾಯ್ದೆಯಂತೆ ತಲೆಗೆ 5 ಕಿಲೊ, ಅಂತ್ಯೋದಯ ಕಾರ್ಡಿಗೆ 35 ಕಿಲೊ ಧಾನ್ಯ ಸಿಗುತ್ತದೆ, ಅದೂ ಈಗ ಉಚಿತ. ಈ ಧಾನ್ಯ ಬೆಟ್ಟದ ಮನೆಗಳ ಭಾರ ಇಳಿಸಿದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ರೇಷನ್ ಅಕ್ಕಿ, ಗೋಧಿಯ ಜೊತೆ ಎಣ್ಣೆ, ಬೇಳೆ ಬರುವುದಿಲ್ಲ. ಔಷಧಿ, ಮಗುವಿನ ಶಾಲೆಯ ಖರ್ಚು, ಬಸ್ ಚಾರ್ಜು ಬರುವುದಿಲ್ಲ. ಸೊಪ್ಪಿನಲ್ಲಿರುವ ಕಬ್ಬಿಣಾಂಶವೂ ಬರುವುದಿಲ್ಲ. ಚೀಲ ತುಂಬ ಅಕ್ಕಿ ಇದ್ದೂ ಸಾಹುಕಾರನ ಮನೆಗೆ ಹೋಗಬೇಕಾದ ಕುಟುಂಬವನ್ನು ಆಹಾರ ಭದ್ರತೆ ಇರುವ ಕುಟುಂಬ ಎನ್ನಲಾಗದು.

ಎರಡನೆಯದು ಹೆಚ್ಚು ಗಂಭೀರ. ಎಳೆ ಕಾಯಿಯನ್ನೇ ಉದುರಿಸಿದರೆ ಬೀಜವೆಲ್ಲಿ, ಮುಂದಿನ ಮರವೆಲ್ಲಿ? ಅವಸರದಲ್ಲಿ ಕೊಂಬೆ ಕಡಿದು ಕಾಯಿ ಇಳಿಸುವವರೂ ಇದ್ದಾರೆ. ಭೀಮಾಶಂಕರ 1985ರಿಂದ ವನ್ಯಜೀವಿಧಾಮ, ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ಅಂದರೆ ಕೆಂದಳಿಲು, ಅಲ್ಲಿ ವಾಸಿಸುತ್ತದೆ. ಅದಕ್ಕೂ ಕಾಡಿನ ಹಣ್ಣು, ಕಾಯಿ ಬೇಕು. ಈ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರವಾಗಿ ನಿಷೇಧ ಹೇರಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ನೋಡಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ನೆಲ್ಲಿಕಾಯಿ, ಜೇನು, ಪಾಚಿ ಸಂಗ್ರಹಿಸಿ ಮಾರುವುದು ನಿಂತಿತು. ಅವರ ‘ಲ್ಯಾಂಪ್ಸ್’ ಸಹಕಾರ ಸಂಘದ ಮೂಲಕ ಬರುತ್ತಿದ್ದ ಹಣ ನಿಂತಿತು. ಹಲವರು ಕೂಲಿಗೆ ಬೆಟ್ಟ ಬಿಟ್ಟು ಹೊರಗೆ ಹೋದರು. ಕೊನೆಗೆ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಮೀಸಲು ಪ್ರದೇಶದೊಳಗೆ. ಕಾಡು ಉಳಿಯಬೇಕಾದರೆ ಅಲ್ಲಿಂದ ಬದುಕುವವರನ್ನು ಹೊರಗಿಡಬೇಕೆಂದಿಲ್ಲ ಎಂಬುದಕ್ಕೆ ಅದು ಒಪ್ಪಿಗೆ.

ಪುಣೆಯಲ್ಲಿ ಹುಟ್ಟಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ 1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಏಕೆ ತೀರಿತು ಎಂದು ಹುಡುಕುತ್ತ ಹೋದಾಗ, ಊರವರು ಒಂದು ಕಾರಣ ಹೇಳಿದರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ, ಕಾರ್ಖಾನೆಯವರು ಅದನ್ನು ಸವರಿ ‘ಸ್ವಚ್ಛ’ ಮಾಡಿದ್ದರಿಂದ ಎಳೆ ಕಳಲೆ ದನಗಳ ಬಾಯಿಗೆ ಸಿಕ್ಕಿತು. ಪರಿಣತರು ಬಿದಿರಿಗೆ ಒಳ್ಳೆಯದೆಂದು ಸೂಚಿಸಿದ್ದ ಕೆಲಸ ಅದು. ಪರೀಕ್ಷಿಸಿ ನೋಡಿದಾಗ ಊರವರ ಮಾತೇ ಸರಿಯಿತ್ತು. ಹೀಗೆಂದ ಮಾತ್ರಕ್ಕೆ ಪ್ರತಿ ಹಳ್ಳಿಯೂ ಪ್ರತಿ ಮರವನ್ನೂ ಕಾಯುತ್ತದೆ ಎಂದಲ್ಲ. ಮರದ ಮೇಲೆ ತನ್ನ ಹಕ್ಕು ಖಾತ್ರಿಯಿದ್ದು, ಮುಂದಿನ ವರ್ಷವೂ ಅದೇ ಮರದಿಂದ ಬೆಲೆ ಬರುತ್ತದೆ ಎಂಬ ಭರವಸೆ ಇದ್ದವರಿಗೆ ಕೊಂಬೆ ಕಡಿಯದಿರಲು ಕಾರಣವಿರುತ್ತದೆ. ಪುಣೆಯದೇ ಆದ ಅಪ್ಲೈಡ್ ಎನ್ವಿರಾನ್ಮೆಂಟಲ್ ರಿಸರ್ಚ್ ಫೌಂಡೇಶನ್ ಉತ್ತರ ಸಹ್ಯಾದ್ರಿಯಲ್ಲಿ ಅಳಲೆ ಮತ್ತು ತಾರೆಕಾಯಿಗೆ ‘ಫೇರ್‌ವೈಲ್ಡ್’ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಗುವಂತೆ ಕೆಲಸ ಮಾಡಿದೆ. ಎಷ್ಟು ಕಾಯಿ ಮರದಲ್ಲೇ ಬಿಡಬೇಕು, ಹೇಗೆ ಇಳಿಸಬೇಕು ಎಂಬ ನಿಯಮ ಪಾಲಿಸಿದವರಿಗೆ ಹೆಚ್ಚಿನ ಬೆಲೆ. ಬ್ರಿಟನ್ನಿನ ಪುಕ್ಕಾ ಎಂಬ ಗಿಡಮೂಲಿಕೆ ಚಹಾ ಕಂಪನಿ ಇಂಥ ಕಾಯಿ ಕೊಳ್ಳುತ್ತದೆ. ಇದು ಸಣ್ಣ ಪ್ರಮಾಣದ್ದು, ಎಲ್ಲ ಹಳ್ಳಿಗೂ ತಲುಪುವಂಥದ್ದಲ್ಲ. ಆದರೂ ಸಂಗ್ರಹ ಮತ್ತು ಸಂರಕ್ಷಣೆ ಒಂದಕ್ಕೊಂದು ಶತ್ರುಗಳಲ್ಲ ಎಂದು ತೋರಿಸಲು ಸಾಕು.

ಮೂರನೆಯ ಆಕ್ಷೇಪ, ಹೊಸ ತಲೆಮಾರಿಗೆ ಮರ ಹತ್ತುವುದು ಬೇಕಿಲ್ಲ, ಚಾಕಣ್‌ನ ಕೆಲಸ ಬೇಕು ಎಂಬುದು. ಹೋಗಲಿ, ಹೋಗಬೇಕು ಕೂಡ. ಯಾರನ್ನೂ ಕಾಡಿನಲ್ಲೇ ಇರಿ ಎಂದು ಕಟ್ಟಿಹಾಕುವ ಹಕ್ಕು ನಗರದ ಓದುಗರಿಗಿಲ್ಲ. ಆದರೆ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋದ ಮಗನ ಮನೆಯಲ್ಲಿ ತಾಯಿ ತಂದೆ ಇನ್ನೂ ಭತ್ತ ನಾಟಿ ಮಾಡುತ್ತಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ನಿಂತಾಗ ನಗರಗಳ ಗುತ್ತಿಗೆ ಕೂಲಿಗಳು ದೇಶದ ತುಂಬ ತಮ್ಮ ಊರಿನ ದಾರಿ ಹಿಡಿದರು. ಊರಿನ ಹೊಲ, ಊರಿನ ಮರ ನಗರದ ಕೆಲಸಕ್ಕೆ ಬದಲಿ ಅಲ್ಲ, ಆ ಕೆಲಸ ಕೈಕೊಟ್ಟಾಗ ಬೀಳದಂತೆ ಹಿಡಿಯುವ ಕಟ್ಟೆ. ಅದು ಗಟ್ಟಿಯಾಗಿದ್ದರೆ ಕೂಲಿಯ ಚೌಕಾಸಿಯಲ್ಲೂ ದನಿ ಗಟ್ಟಿಯಿರುತ್ತದೆ.

ಹಾಗಾದರೆ ಏನಾಗಬೇಕು? ಹೊಸ ಕಾಯ್ದೆ, ಹೊಸ ಯೋಜನೆ ಬೇಕಿಲ್ಲ. ಖರೀದಿ ಕೇಂದ್ರಗಳು ಏಪ್ರಿಲ್ ಮೊದಲ ವಾರದೊಳಗೆ, ತಾಲೂಕು ಪೇಟೆಯಲ್ಲಲ್ಲ, ಬೆಟ್ಟದ ಮೇಲಿನ ವಾರದ ಸಂತೆಗಳಲ್ಲಿ ತೆರೆಯಬೇಕು. ಎಳೆ ಕಾಯಿಗೆ ಪ್ರತ್ಯೇಕ ಬೆಲೆ ಇರಬೇಕು. ತೂಕ ಹಾಕಿದ ವಾರದೊಳಗೆ ಹಣ ಕೈಸೇರಬೇಕು. ಹಣ ತಡವಾದರೆ ಬೆಲೆ ಘೋಷಿಸಿದ ಉದ್ದೇಶವೇ ಸತ್ತಂತೆ. ಗ್ರಾಮಸಭೆಗಳು ತಮ್ಮ ಊರಿನ ಅಳಲೆ ಮರಗಳನ್ನು ಎಣಿಸಿ ದಾಖಲಿಸಲಿ. ಆ ಪಟ್ಟಿಯೇ ಕೊಯ್ಲಿನ ನಿಯಮಕ್ಕೂ ಆಧಾರವಾಗುತ್ತದೆ, ಮುಂದಿನ ಚಂಡಮಾರುತದ ಪಂಚನಾಮೆಗೂ ಆಗುತ್ತದೆ. ಪ್ರಕೃತಿ ವಿಕೋಪದ ಪರಿಹಾರದ ನಿಯಮದಲ್ಲಿ, ಮನೆಗೆ ಆದಾಯ ಕೊಡುವ ಕಾಡುಮರವನ್ನೂ ಫಸಲು ಎಂದು ಒಂದು ಸಾಲಿನಲ್ಲಿ ಸೇರಿಸಬೇಕು.

ಈ ಎಲ್ಲದರ ಹಿಂದೆ ಇರುವ ತಿದ್ದುಪಡಿ ಒಂದೇ. ಆಹಾರ ಭದ್ರತೆಯನ್ನು ಕಿಲೊಗಳಲ್ಲಿ ಅಳೆಯುವುದಕ್ಕೆ ಸರ್ಕಾರಕ್ಕೆ ಬರುತ್ತದೆ, ತಿಂಗಳುಗಳಲ್ಲಿ ಅಳೆಯುವುದನ್ನು ಅದು ಇನ್ನೂ ಕಲಿಯಬೇಕು. ಪುಣೆಯ ಅಂಗಡಿಯಲ್ಲಿ ತ್ರಿಫಲಾ ಚೂರ್ಣದ ಡಬ್ಬಿ ವರ್ಷವಿಡೀ ಸಿಗುತ್ತದೆ. ಅದರೊಳಗಿನ ಒಂದು ಪಾಲು ಏಪ್ರಿಲ್‌ನಲ್ಲಿ ಮರದ ಮೇಲಿತ್ತು, ಮೇನಲ್ಲಿ ಅಂಗಳದಲ್ಲಿ ಒಣಗುತ್ತಿತ್ತು. ಅದನ್ನು ಒಣಗಿಸಿದ ಮನೆಯಲ್ಲಿ ಜುಲೈನಲ್ಲಿ ಒಲೆ ಹೇಗೆ ಉರಿಯಿತು ಎಂಬುದು ಮೇ ತಿಂಗಳ ಆ ಕೆಲವೇ ದಿನಗಳಲ್ಲಿ ಯಾರು ಬಂದು ಎಷ್ಟು ಕೊಟ್ಟರು ಎಂಬುದನ್ನು ಅವಲಂಬಿಸಿತ್ತು.